ಧರ್ಮಾರ್ಥ ಅಂಗಡಿ ಒಲ್ಲದ ವಸ್ತುಗಳು

ನಮಗೆ ಬೇಡವಾದುದು ಇನ್ನೊಬ್ಬರಿಗೆ ಬೇಕಾಗಬಹುದು. ಈ ಸರಳ ತತ್ತ್ವದ ಮೇಲೆ ಬ್ರಿಟನ್ನಿನಲ್ಲಿ ಸಾವಿರಾರು ಧರ್ಮಾರ್ಥ ಅಂಗಡಿಗಳು ನಡೆಯುತ್ತಿವೆ. ಜನರು ದಾನವಾಗಿ ಕೊಟ್ಟ ಹಳೆಯ ಸಾಮಾನುಗಳನ್ನು ಮಾರಿ, ಬಂದ ಹಣವನ್ನು ಅವು ಸೇವಾಕಾರ್ಯಗಳಿಗೆ ವಿನಿಯೋಗಿಸುತ್ತವೆ. 1942ರಲ್ಲಿ ಆಕ್ಸ್‌ಫರ್ಡಿನಲ್ಲಿ ಕ್ಷಾಮಪೀಡಿತರ ನೆರವಿಗೆಂದು ಹುಟ್ಟಿದ ಆಕ್ಸ್‌ಫಾಮ್ ಸಂಸ್ಥೆಯ ಅಂಗಡಿಗಳು ಇವುಗಳಲ್ಲಿ ಪ್ರಸಿದ್ಧವಾದುವು. ಪುಸ್ತಕ, ಬಟ್ಟೆಗಳನ್ನು ಸಂತೋಷದಿಂದ ಸ್ವೀಕರಿಸುವ ಇಂಥ ಅಂಗಡಿಗಳು ಹೊಸದರಂತೆ ಕಾಣುವ ಸೋಫಾವನ್ನೋ ಹೆಲ್ಮೆಟ್ಟನ್ನೋ ಹಿಂದಿರುಗಿಸುವುದುಂಟು. ಅದೇಕೆಂಬುದನ್ನು ನಾವೀಗ ವಿಚಾರಿಸೋಣ.

ಮೊದಲು ಸೋಫಾವನ್ನು ತೆಗೆದುಕೊಳ್ಳೋಣ. ಅದರ ಮೆತ್ತೆ ಸಾಮಾನ್ಯವಾಗಿ ಪಾಲಿಯುರಿಥೇನ್ ಎಂಬ ನೊರೆರೂಪದ ಪ್ಲಾಸ್ಟಿಕ್. ಅದರ ತುಂಬ ಗಾಳಿಯ ಕಿರುಕೋಶಗಳಿರುವುದರಿಂದ ಗಾಳಿಗೆ ತೆರೆದ ಮೇಲ್ಮೈ ಬಹು ಹೆಚ್ಚು. ಒಮ್ಮೆ ಹೊತ್ತಿಕೊಂಡರೆ ಬೆಂಕಿ ಬೇಗನೆ ಹಬ್ಬಿ, ಕಾರ್ಬನ್ ಮಾನಾಕ್ಸೈಡ್, ಹೈಡ್ರೊಜನ್ ಸಯನೈಡ್ ಎಂಬ ವಿಷಾನಿಲಗಳು ಹೊರಡುತ್ತವೆ. 1979ರಲ್ಲಿ ಮ್ಯಾಂಚೆಸ್ಟರಿನ ದೊಡ್ಡ ಅಂಗಡಿಯೊಂದರಲ್ಲಿ ಇಂಥ ಪೀಠೋಪಕರಣಗಳಿಗೆ ಬೆಂಕಿ ಬಿದ್ದು 10 ಮಂದಿ ಮಡಿದರು. 1988ರ ಕಾನೂನು ಬೆಂಕಿಯನ್ನು ತಡೆಯಬಲ್ಲ ಮೆತ್ತೆ, ಹೊದಿಕೆಗಳನ್ನೇ ಬಳಸಬೇಕೆಂದು ವಿಧಿಸಿತು. ಅದನ್ನು ಸೂಚಿಸುವ ಚೀಟಿಯನ್ನು ಕತ್ತರಿಸಿ ಎಸೆದಿದ್ದರೆ, ಒಳಗಿನ ಮೆತ್ತೆ ಎಂಥದೆಂದು ಕಣ್ಣಿನಿಂದ ನಿರ್ಧರಿಸಲಾಗದು. ಆದುದರಿಂದಲೇ ಚೀಟಿಯಿಲ್ಲದ ಸೋಫಾಕ್ಕೆ ಅಲ್ಲಿ ಪ್ರವೇಶವಿಲ್ಲ.

ಇನ್ನು ಹೆಲ್ಮೆಟ್. ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ತಲೆ 2 ಮಿಲಿಮೀಟರ್ ದೂರದಲ್ಲಿ ನಿಂತರೆ, ಅದರ ಮೇಲಿನ ಸರಾಸರಿ ಬಲ ತಲೆಯ ತೂಕದ ಸುಮಾರು 750ರಷ್ಟು. ನಿಲ್ಲಲು 20 ಮಿಲಿಮೀಟರ್ ದೂರ ದೊರೆತರೆ ಅದು ಸುಮಾರು 75ರಷ್ಟಕ್ಕೆ ಇಳಿಯುತ್ತದೆ. ಬೀಳುವ ತಲೆಯ ಶಕ್ತಿ ಅಷ್ಟೇ. ಅದು ವ್ಯಯವಾಗುವ ದೂರ ಹತ್ತು ಮಡಿಯಾದಾಗ ಬಲ ಹತ್ತರಲ್ಲೊಂದು ಪಾಲಾಗುತ್ತದೆ. ಈ ದೂರವನ್ನು ಒದಗಿಸುವುದು ಚಿಪ್ಪಿನೊಳಗಿನ ಪಾಲಿಸ್ಟೈರೀನ್ ನೊರೆ. ಅದು ತಾನು ನಜ್ಜುಗುಜ್ಜಾಗಿ ನಮ್ಮನ್ನು ಉಳಿಸುತ್ತದೆ. ಆದರೆ ಸ್ಪ್ರಿಂಗಿನಂತೆ ಮತ್ತೆ ಪೂರ್ವಸ್ಥಿತಿಗೆ ಬಾರದು. ಹೊರಚಿಪ್ಪು ಮಾತ್ರ ಹೊಳೆಯುತ್ತಲೇ ಇರಬಹುದು!

ಎರಡು ಸಂದರ್ಭಗಳಲ್ಲಿಯೂ ತೊಂದರೆ ಒಂದೇ: ವಸ್ತುವಿನ ಹೊರರೂಪ ಅದರ ಒಳಗಿನ ಚರಿತ್ರೆಯನ್ನು ಹೇಳದು. ಇದು ದೂರದೇಶದ ಅಂಗಡಿಗಳ ಮಾತು ಮಾತ್ರವಲ್ಲ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟನ್ನು ತಮ್ಮನಿಗೋ ನೆರೆಯವರಿಗೋ ಕೊಡುವಾಗ ನಾವು ಕೊಡುವುದು ರಕ್ಷಣೆಯನ್ನಲ್ಲ, ರಕ್ಷಣೆಯಿದೆಯೆಂಬ ಭ್ರಮೆಯನ್ನು.