ತೊಟ್ಟಿಮನೆಯ ನಡುವೆ ಗೋಡೆ ಎದ್ದದ್ದು ಹೇಗೆ?

ಕೊಳ್ಳೇಗಾಲ, ಯಳಂದೂರು ಕಡೆ ಹಳೆಯ ತೊಟ್ಟಿಮನೆ ಕಂಡರೆ ಒಳಗೊಂದು ಸುತ್ತು ಹಾಕಿ ನೋಡಬೇಕು. ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಮರದ ಕಂಬ, ಪಡಸಾಲೆ, ಹಿಂದೆ ಕೋಣೆಗಳ ಸಾಲು. ಎಷ್ಟೋ ಕಡೆ ಆ ತೊಟ್ಟಿಯ ನಡುಮಧ್ಯಕ್ಕೇ ಇಟ್ಟಿಗೆ ಗೋಡೆ ಎದ್ದಿರುತ್ತದೆ. ಕಂಬವೊಂದು ಅದರೊಳಗೆ ಹೂತು, ಅರ್ಧ ಅಣ್ಣನ ಕಡೆ, ಅರ್ಧ ತಮ್ಮನ ಕಡೆ ಕಾಣುತ್ತದೆ. ಹಿತ್ತಲ ಬಾಗಿಲು ಒಬ್ಬನಿಗೆ ಮುಂಬಾಗಿಲಾಗಿದೆ. ದೇವರಮನೆ ಮಾತ್ರ ಪಾಲಾಗಿಲ್ಲ. ಹಿರಿಯನ ಕಡೆ ಉಳಿದಿದೆ. ಹಬ್ಬದ ದಿನ ತಮ್ಮಂದಿರು ಹೆಂಡತಿ ಮಕ್ಕಳ ಜೊತೆ ಅಲ್ಲಿಗೇ ಬಂದು ಹಣ್ಣುಕಾಯಿ ಮಾಡಿಸುತ್ತಾರೆ.

ಈ ಗೋಡೆ ಯಾರಿಂದ ಬಂತು ಎಂದರೆ ಊರಿನ ಉತ್ತರ ಒಂದೇ: ಸೊಸೆ ಬಂದಳು, ಮನೆ ಒಡೆಯಿತು. ಹೇಳುವವರಿಗೆ ಅನುಕೂಲವಾದ ಉತ್ತರ. ಕಾಗದಪತ್ರ ಬಿಚ್ಚಿ ನೋಡಿದರೆ ಇಟ್ಟಿಗೆ ಹೊತ್ತವರು ಬೇರೆ: ಎರಡು ಸರ್ಕಾರಗಳು, ಕೆಲವು ಕಾಯ್ದೆಗಳು, ಜೊತೆಗೆ ಬದಲಾದ ಬೇಸಾಯ.

ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. 1956ರ ನವೆಂಬರ್ 1ರವರೆಗೆ ಅದು ಎರಡು ಆಡಳಿತಗಳ ನಡುವಿನ ದಾರಿ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಸೀಮೆ, ಮೈಸೂರು ಸಂಸ್ಥಾನದ್ದು. ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ತೀರ ಇತ್ತೀಚೆಗೆ ತಾಲ್ಲೂಕಾದ ಹನೂರು ಆಗ ಅದರದೇ ಭಾಗ. ಹೆಣ್ಣು ಕೊಡುವವರು, ತರುವವರು ಗಡಿ ನೋಡುತ್ತಿರಲಿಲ್ಲ. ಆದರೆ ಗಂಡನ ಮನೆ ಯಾವ ಕಡೆಗಿದೆ ಎಂಬುದರ ಮೇಲೆ ಹೆಣ್ಣಿನ ಹಕ್ಕೇ ಬೇರೆಯಾಗುತ್ತಿತ್ತು.

ಎರಡೂ ಕಡೆ ನಡೆಯುತ್ತಿದ್ದುದು ಮಿತಾಕ್ಷರ ಎಂಬ ಹಿಂದೂ ಆಸ್ತಿ ಕಾನೂನು. ಪಿತ್ರಾರ್ಜಿತದಲ್ಲಿ ಗಂಡುಮಗುವಿಗೆ ಹುಟ್ಟಿನಿಂದಲೇ ಪಾಲು. ಅಂದರೆ ಮನೆ ಒಡೆಯುವ ಅಧಿಕಾರ ಮೊದಲಿಂದ ಇದ್ದೇ ಇತ್ತು, ಗಂಡಸರ ಕೈಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1933ರಲ್ಲಿ, ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದಿತು. ಮನೆ ಪಾಲಾಗುವಾಗ ತಾಯಿಗೂ ಪಾಲು, ಗಂಡುಸಂತಾನವಿಲ್ಲದೆ ತೀರಿಕೊಂಡ ಅಣ್ಣತಮ್ಮಂದಿರ ವಿಧವೆಯರಿಗೂ ಪಾಲು. ಮದುವೆಯಾಗದ ಮಗಳಿಗೆ ಸಹೋದರನ ಪಾಲಿನ ಕಾಲು ಭಾಗ. ಅತ್ತ ಕೊಳ್ಳೇಗಾಲದಲ್ಲಿ ಅದೇ ಜಾತಿಯ, ಅದೇ ಬಳಗದ ವಿಧವೆಗೆ ಜೀವನಾಂಶವೇ ಗತಿ. 1937ರ ಕೇಂದ್ರ ಕಾಯ್ದೆ ವಿಧವೆಗೆ ಗಂಡನ ಪಾಲನ್ನು ಬದುಕಿರುವ ತನಕ ಅನುಭವಿಸಲು ಕೊಟ್ಟಿತು. ಆದರೆ ಬೇಸಾಯದ ಜಮೀನಿಗೆ ಅದು ಅನ್ವಯಿಸದೆಂದು 1941ರಲ್ಲಿ ಫೆಡರಲ್ ಕೋರ್ಟ್ ಹೇಳಿತು. ಹೊಲ ಬಿಟ್ಟರೆ ಹಳ್ಳಿಯಲ್ಲಿ ಇನ್ನೇನು ಆಸ್ತಿ! ಮದ್ರಾಸ್ ಆ ಕೊರತೆ ತುಂಬಿದ್ದು 1947ರಲ್ಲಿ. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಅದೇ ವರ್ಷ ಕೊಳ್ಳೇಗಾಲವೂ ಮೈಸೂರಿಗೆ ಬಂತು.

ಆಗೆಲ್ಲ ಜನ ಒಗ್ಗಟ್ಟಾಗಿದ್ದರು ಎನ್ನುವವರು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರನ್ನು ಓದಬೇಕು. 1948ರಲ್ಲಿ ಮೈಸೂರಿಗೆ ಹತ್ತಿರದ ಹಳ್ಳಿಯೊಂದರಲ್ಲಿ ಉಳಿದು, ಅದನ್ನು ‘ರಾಂಪುರ’ ಎಂದು ಕರೆದು ಬರೆದವರು ಅವರು. ಮೈಸೂರು ಸೀಮೆಯ ಹಳ್ಳಿಯ ಒಟ್ಟು ಕುಟುಂಬದ ಜಗಳವೊಂದನ್ನೇ ವಸ್ತುವಾಗಿಸಿ 1952ರಲ್ಲಿ ಪ್ರಬಂಧ ಪ್ರಕಟಿಸಿದರು. ನಾವು ಚಿನ್ನದ ಕಾಲವೆಂದು ನಂಬಿದ ದಿನಗಳಲ್ಲೂ ಒಲೆ ಬೇರೆಯಾಗುತ್ತಿತ್ತು.

ಹಾಗಿದ್ದೂ ದೊಡ್ಡ ಮನೆಗಳು ನಿಂತದ್ದು ಪ್ರೀತಿಯೊಂದರಿಂದಲೇ ಅಲ್ಲ, ಕೆಲಸದಿಂದ. ಕೊಳ್ಳೇಗಾಲ ರೇಷ್ಮೆಯ ನಾಡು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಹುಳು ಸಾಕುವ ಮನೆಯಲ್ಲಿ ಮೊದಲ ಎರಡು ಮೂರು ಜ್ವರದವರೆಗೆ ಒಬ್ಬಿಬ್ಬರು ಸಾಕು. ನಾಲ್ಕನೇ ಜ್ವರ ಎದ್ದಿತೋ, ಮನೆ ಮಂದಿಗೆಲ್ಲ ನಿದ್ದೆ ಹಾರಿತು. ಹುಳು ತನ್ನ ಬಾಳಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಆ ಕೊನೆಯ ಒಂದು ವಾರದಲ್ಲೇ ಖಾಲಿ. ಒಬ್ಬ ಸೊಪ್ಪು ಕೊಯ್ದು ಹೊರುತ್ತಾನೆ, ಒಬ್ಬಳು ತಟ್ಟೆಗೆ ಹಾಕುತ್ತಾಳೆ, ಇನ್ನೊಬ್ಬಳು ಹಿಕ್ಕೆ ಬಳಿಯುತ್ತಾಳೆ. ನಡುರಾತ್ರಿಯೂ ಮೇವು ಹಾಕಬೇಕು. ಕತ್ತಲಲ್ಲಿ ಹುಳು ಮೇಯುವ ಸದ್ದು ಮಳೆ ಹನಿದಂತೆ. ಆಮೇಲೆ ಹುಳು ಹಣ್ಣಾಗುತ್ತದೆ, ಮೈ ಪಾರದರ್ಶಕವಾಗಿ ಹಳದಿಗೆ ತಿರುಗುತ್ತದೆ. ಆಗ ಅಜ್ಜಿಯಿಂದ ಶಾಲೆಯ ಹುಡುಗನವರೆಗೆ ಎಲ್ಲರೂ ಹಣ್ಣುಹುಳ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ತಡವಾದರೆ ಹುಳು ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ನೇಯ್ಗೆಯವರ ಮನೆಯಲ್ಲೂ ಹಾಗೆಯೇ: ಮಗ್ಗದಲ್ಲಿ ಕೂರುವವನು ಒಬ್ಬ, ಅವನಿಗೆ ಹಾಸು ಹೊಕ್ಕು ಅಣಿ ಮಾಡುವವರು ಮನೆಯವರೆಲ್ಲ.

ಈಗ ಎಳೆಯ ಹುಳು, ಅಂದರೆ ಚಾಕಿ ಮರಿ, ಸಾಕಣೆ ಕೇಂದ್ರದಿಂದಲೇ ಬರುತ್ತದೆ. ಎಲೆ ಬಿಡಿಸುವ ಬದಲು ರೆಂಬೆಯನ್ನೇ ಹಾಸುತ್ತಾರೆ. ಗಂಡ ಹೆಂಡತಿ ಇಬ್ಬರೇ, ಕೊನೆಯ ದಿನ ನಾಲ್ಕಾಳು ಕೂಲಿ ಇಟ್ಟುಕೊಂಡು ಬೆಳೆ ತೆಗೆಯುತ್ತಾರೆ. ಹತ್ತು ಜನರ ಅಗತ್ಯ ತಪ್ಪಿದ ಮೇಲೆ ಹತ್ತು ಜನರ ಅಡುಗೆಯೂ ಭಾರವಾಯಿತು.

ಸರ್ಕಾರವೂ ಸುಮ್ಮನಿರಲಿಲ್ಲ. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆ ತಿದ್ದುಪಡಿ ಐದು ಜನರವರೆಗಿನ ಕುಟುಂಬಕ್ಕೆ 10 ಯೂನಿಟ್ ಜಮೀನಿನ ಮಿತಿ ಹಾಕಿತು. ಆ ಕಾಯ್ದೆಯ ಪ್ರಕಾರ ಕುಟುಂಬವೆಂದರೆ ಗಂಡ, ಹೆಂಡತಿ, ವಯಸ್ಸಿಗೆ ಬಾರದ ಗಂಡುಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು. ಅಜ್ಜ, ಚಿಕ್ಕಪ್ಪ, ಬೆಳೆದ ಮಗ ಅದರಲ್ಲಿಲ್ಲ. ಜಮೀನುಳ್ಳವರಿಗೆ ಕಾಗದದ ಮೇಲೆ ಬೇರೆಯಾಗುವುದೇ ಜಾಣತನವಾಯಿತು.

ಇನ್ನು ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಹತ್ತಿದರೆ ಕಾಡಿನ ಸೋಲಿಗರ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ಸಣ್ಣ ಸಂಸಾರ ಹೊಸದೇ ಅಲ್ಲ. ಅಲ್ಲಿ ಗುಡಿಸಲು ಚಿಕ್ಕದು, ಕುಲ ದೊಡ್ಡದು. ಹುಡುಗ ಹುಡುಗಿ ಒಪ್ಪಿ ಕಾಡಿಗೆ ಓಡಿಹೋಗಿ ಬಂದರೆ ಯಜಮಾನರು ಕೂತು ತಪ್ಪುಕಾಣಿಕೆ ಕಟ್ಟಿಸಿ ಸಂಸಾರ ಹೂಡಿಸುತ್ತಿದ್ದರು. ಸೋಲಿಗರ ಹೆಣ್ಣನ್ನು ಕೈಹಿಡಿದನೆಂದು ಬಿಳಿಗಿರಿರಂಗನನ್ನೇ ‘ರಂಗಭಾವ’ ಎನ್ನುವ ಜನ ಅವರು. ದೇವರೇ ಭಾವನಾದ ಮೇಲೆ ಒಂಟಿ ಸಂಸಾರ ಎಂಬ ಮಾತಿಗೆ ಜಾಗವೆಲ್ಲಿ?

ಬಯಲಿನವರಿಗೆ ಬಳಗ ಕೂಡುವ ಜಾಗ ಜಾತ್ರೆ. ಈ ಸೀಮೆಯ ಚಿಕ್ಕಲ್ಲೂರಿನಲ್ಲಿ ಸಂತ ಸಿದ್ಧಪ್ಪಾಜಿಯ ಐದು ದಿನದ ಜಾತ್ರೆ ಚಂದ್ರಮಂಡಲ ಎಂಬ ಉತ್ಸವದಿಂದ ಶುರು. ನಾಲ್ಕನೇ ದಿನ ಪಂಕ್ತಿಸೇವೆ: ಬಯಲಲ್ಲಿ ಬಿಡಾರ ಹೂಡಿ, ಬಾಡಿನ ಅಡುಗೆ ಮಾಡಿ, ನೆಂಟರಿಷ್ಟರನ್ನು ಸಾಲಾಗಿ ಕೂರಿಸಿ ಉಣ್ಣಿಸುವುದು. ಊರಲ್ಲಿ ಗೋಡೆ ಕಟ್ಟಿಕೊಂಡ ಅಣ್ಣತಮ್ಮಂದಿರು ಅಲ್ಲಿ ಒಂದೇ ಒಲೆಗೆ ಸೌದೆ ಒಟ್ಟುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಪ್ರಾಣಿಬಲಿ ನಿಷೇಧದ ವಾದದಲ್ಲಿ ಪೊಲೀಸರೂ ಅಲ್ಲಿಗೆ ಬಂದರು. ಅದು ಊಟವೋ ಬಲಿಯೋ ಎಂದು ತರ್ಕಿಸಿದವರು, ಆ ಊಟಕ್ಕೆ ಯಾರು ಯಾರ ಪಕ್ಕ ಕೂರುತ್ತಾರೆಂದು ನೋಡಿದಂತೆ ಕಾಣಲಿಲ್ಲ.

ನಿಜವಾದ ಬಿರುಕು ಅಣ್ಣತಮ್ಮಂದಿರ ನಡುವೆ ಅಲ್ಲ, ಅಣ್ಣ ತಂಗಿಯರ ನಡುವೆ ಈಗ ಕಾಣುತ್ತಿದೆ. 1994ರ ಜುಲೈ 30ರಿಂದ ಕರ್ನಾಟಕ ಹೆಣ್ಣುಮಕ್ಕಳನ್ನೂ ಹುಟ್ಟಿನಿಂದಲೇ ಪಾಲುದಾರರನ್ನಾಗಿಸಿತು; ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಒಂದೇ ಮನೆಯ ಅಕ್ಕನಿಗೆ ಇಲ್ಲ, ತಂಗಿಗೆ ಉಂಟು! 2005ರ ಕೇಂದ್ರ ತಿದ್ದುಪಡಿ ಆ ಭೇದ ಅಳಿಸಿತು. 2020ರಲ್ಲಿ ಸುಪ್ರೀಂ ಕೋರ್ಟ್ ತಂದೆ 2005ಕ್ಕೆ ಮೊದಲೇ ತೀರಿದ್ದರೂ ಮಗಳ ಹಕ್ಕು ಹೋಗದು ಎಂದಿತು. ಆದರೂ ‘ಅರಿಶಿನ ಕುಂಕುಮಕ್ಕೆ’ ಎಂದು ಒಂದಿಷ್ಟು ಕೊಟ್ಟು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಭಯ. ಮನೆ ಒಡೆದ ದೂರು ಮೊದಲು ಸೊಸೆಯ ಮೇಲಿತ್ತು. ಈಗ ಮಗಳ ಮೇಲೆ ಬಂದಿದೆ. ಎರಡೂ ಅನ್ಯಾಯ.

ಉಳಿದದ್ದು ಮುದುಕರ ಮಾತು. ಮಕ್ಕಳು ಬೆಂಗಳೂರು, ತಿರುಪ್ಪೂರು ಎಂದು ದುಡಿಯಲು ಹೋದ ಹನೂರಿನ ಹಳ್ಳಿಗಳಲ್ಲಿ ಮೊಮ್ಮಕ್ಕಳನ್ನು ಸಾಕುವವರೂ ಅವರೇ, ತಮ್ಮನ್ನು ನೋಡಿಕೊಳ್ಳುವವರಿಲ್ಲದವರೂ ಅವರೇ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅವರು ಉಪವಿಭಾಗಾಧಿಕಾರಿಯ ಮುಂದೆ ಜೀವನಾಂಶ ಕೇಳಬಹುದು. ನೋಡಿಕೊಳ್ಳದ ಮಕ್ಕಳಿಗೆ ಬರೆದುಕೊಟ್ಟ ಆಸ್ತಿಯನ್ನು 23ನೇ ಕಲಮಿನಡಿ ವಾಪಸ್ ಪಡೆಯಲೂ ಬಹುದು. ಆದರೆ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟಿರಬೇಕು. ಆದ್ದರಿಂದ ದಾನಪತ್ರ ಬರೆಸಲು ಸಬ್‌ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಹಿರಿಯರು, ಅನ್ನ, ಔಷಧಿ, ಇರಲು ಜಾಗ ಕೊಟ್ಟು ಕೊನೆಯವರೆಗೆ ನೋಡಿಕೊಳ್ಳತಕ್ಕದ್ದು ಎಂಬ ಸಾಲನ್ನು ಪತ್ರದಲ್ಲಿ ಬರೆಸಿದ ಮೇಲೆಯೇ ಹೆಬ್ಬೆಟ್ಟು ಒತ್ತಿ.