ಕ್ಲಾಸ್‌ನಲ್ಲಿ 20 ಮಕ್ಕಳು, ಸ್ಕ್ರೀನ್‌ನಲ್ಲಿ 20 ಮಕ್ಕಳು: ಹೈಬ್ರಿಡ್ ಪಾಠ ಮಾಡುವ ಶಿಕ್ಷಕರಿಗೆ ನಿಜಕ್ಕೂ ಬೇಕಿರುವ ನೆರವು ಯಾವುದು?

ಹೈದರಾಬಾದ್: ಜೋರು ಮಳೆ ಸುರಿದರೆ ಹಿಮಾಯತ್‌ನಗರದ ಮುಖ್ಯರಸ್ತೆಯಲ್ಲಿ, ಲಿಬರ್ಟಿಯಿಂದ ನಾರಾಯಣಗುಡದವರೆಗೆ ವಾಹನಗಳು ನಿಂತಲ್ಲೇ ನಿಲ್ಲುತ್ತವೆ. ಶಾಲೆಯ ವ್ಯಾನ್ ಬರುವುದಿಲ್ಲ, ಆಟೊ ಸಿಗುವುದಿಲ್ಲ. ಮೊದಲೆಲ್ಲ ಇಂಥ ದಿನ ರಜೆ ಎಂದರೆ ರಜೆಯೇ. ಕೋವಿಡ್ ನಂತರ ಹಾಗಿಲ್ಲ. ಬೆಳಿಗ್ಗೆ ಏಳಕ್ಕೆ ಪೋಷಕರ ವಾಟ್ಸಾಪ್ ಗ್ರೂಪ್‌ಗೆ 'ಇಂದು ತರಗತಿಗಳು ಆನ್‌ಲೈನ್' ಎಂಬ ಸಂದೇಶ ಬರುವುದು ಮಹಾನಗರಗಳಲ್ಲಿ ಮಾಮೂಲಾಗಿದೆ. ಬರಲು ಆಗುವವರು ಶಾಲೆಗೆ ಬನ್ನಿ, ಆಗದವರು ಲಿಂಕ್ ಒತ್ತಿ ಸೇರಿಕೊಳ್ಳಿ ಎನ್ನುವ ಶಾಲೆಗಳೂ ಇವೆ. ದೆಹಲಿಯಲ್ಲಿ 2024ರ ನವೆಂಬರ್‌ನಲ್ಲಿ ವಾಯುಮಾಲಿನ್ಯದಿಂದಾಗಿ ಶಾಲೆಗಳು ಹೀಗೆಯೇ ಹೈಬ್ರಿಡ್ ಆಗಿದ್ದವು.

ಪೋಷಕರಿಗೆ ಇದು ಒಂದು ಸಾಲಿನ ಸಂದೇಶ. ಆದರೆ ಆ ಲಿಂಕ್‌ನ ಇನ್ನೊಂದು ತುದಿಯಲ್ಲಿರುವ ಶಿಕ್ಷಕಿಗೆ ಏನಾಗುತ್ತದೆ? 'ತರಬೇತಿ ಕೊಟ್ಟಿದ್ದೇವೆ, ಟ್ಯಾಬ್ ಕೊಟ್ಟಿದ್ದೇವೆ' ಎಂದು ಸರ್ಕಾರಗಳೂ ಶಾಲೆಗಳೂ ಹೇಳುತ್ತವೆ. ಅಷ್ಟು ಸಾಕೇ? ವಿವರ ಇಲ್ಲಿದೆ.

ಎರಡು ದೋಣಿಯಲ್ಲಿ ಕಾಲು

ಒಂದು ಸಾಮಾನ್ಯ ಹೈಬ್ರಿಡ್ ಪೀರಿಯಡ್ ಅನ್ನು ಕಲ್ಪಿಸಿಕೊಳ್ಳಿ. ಏಳನೇ ತರಗತಿ, ಗಣಿತ, ನಲವತ್ತು ನಿಮಿಷ. ಎದುರಿಗೆ ಇಪ್ಪತ್ತು ಮಕ್ಕಳು, ಮೇಜಿನ ಮೇಲಿನ ಲ್ಯಾಪ್‌ಟಾಪ್‌ನಲ್ಲಿ ಇನ್ನಿಪ್ಪತ್ತು ಮಕ್ಕಳು. ಹಾಜರಿ ಎರಡು ಸಲ ಕರೆಯಬೇಕು. ಬೋರ್ಡ್ ಮೇಲೆ ಭಿನ್ನರಾಶಿ ಬರೆದರೆ ಕಿಟಕಿಯ ಬೆಳಕು ಬಿದ್ದು ಕ್ಯಾಮೆರಾಗೆ ಕಾಣುವುದಿಲ್ಲ. ಲ್ಯಾಪ್‌ಟಾಪ್ ಬಳಿ ನಿಂತು ಮಾತಾಡಿದರೆ ಹಿಂದಿನ ಬೆಂಚಿನವರು ಗದ್ದಲ ಶುರು ಮಾಡುತ್ತಾರೆ, ಬೆಂಚುಗಳ ನಡುವೆ ನಡೆದರೆ ಮನೆಯಲ್ಲಿರುವ ಮಕ್ಕಳಿಗೆ ಧ್ವನಿ ಕೇಳುವುದಿಲ್ಲ. ಕ್ಲಾಸ್‌ನಲ್ಲಿ ಯಾರೋ ಪ್ರಶ್ನೆ ಕೇಳಿದರೆ ಆನ್‌ಲೈನ್ ಮಕ್ಕಳಿಗೆ ಉತ್ತರ ಮಾತ್ರ ಕೇಳಿಸುತ್ತದೆ, ಪ್ರಶ್ನೆ ಏನೆಂದು ಗೊತ್ತಾಗುವುದಿಲ್ಲ. ಅಷ್ಟರಲ್ಲಿ 'ಮ್ಯಾಮ್, ಆಡಿಯೊ ಬರ್ತಿಲ್ಲ' ಎಂದು ಚಾಟ್‌ನಲ್ಲಿ ಬರೆದ ಮಗು ಹತ್ತು ನಿಮಿಷದಿಂದ ಕಾಯುತ್ತಿರುತ್ತದೆ.

ಇದರಲ್ಲಿ ಯಾವುದೂ ಆ ಶಿಕ್ಷಕಿಗೆ ಕಂಪ್ಯೂಟರ್ ಗೊತ್ತಿಲ್ಲ ಎಂಬ ಕಾರಣಕ್ಕೆ ಆಗುತ್ತಿಲ್ಲ. ಒಬ್ಬರ ಮೇಲೆ ಒಂದೇ ಹೊತ್ತಿಗೆ ಎರಡು ತರಗತಿಗಳನ್ನು ಹೇರಿರುವುದೇ ಕಾರಣ. ಆನ್‌ಲೈನ್ ಪಾಠ ಒಂದು ಕೆಲಸ, ತರಗತಿಯ ಪಾಠ ಇನ್ನೊಂದು ಕೆಲಸ. ಎರಡನ್ನೂ ಒಟ್ಟಿಗೆ ಮಾಡುವುದು ಮೂರನೆಯ, ಎರಡಕ್ಕಿಂತ ಕಷ್ಟದ ಕೆಲಸ. 2020ರ ಜುಲೈನಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಶಿಕ್ಷಣ ನೀತಿಯೂ ಇದನ್ನು ಗುರುತಿಸಿದೆ. ತರಗತಿಯಲ್ಲಿ ಚೆನ್ನಾಗಿ ಪಾಠ ಮಾಡುವವರು ಆನ್‌ಲೈನ್‌ನಲ್ಲೂ ತಾನಾಗಿಯೇ ಚೆನ್ನಾಗಿ ಮಾಡುತ್ತಾರೆ ಎಂದು ಭಾವಿಸುವಂತಿಲ್ಲ ಎನ್ನುತ್ತದೆ ಆ ನೀತಿ. ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ತರಬೇತಿ ಇರಬೇಕು ಎಂದೂ ಹೇಳುತ್ತದೆ.

ತೆಲಂಗಾಣ 2020ರಲ್ಲಿ ಏನು ಮಾಡಿತು?

ಹಿಮಾಯತ್‌ನಗರಕ್ಕೂ ಪಾಠ್ಯಪುಸ್ತಕಕ್ಕೂ ಹಳೆಯ ನಂಟಿದೆ. 1968ರಲ್ಲಿ ಆರಂಭವಾದ ತೆಲುಗು ಅಕಾಡೆಮಿ ಇರುವುದು ಇಲ್ಲೇ. ಇಂಟರ್‌ಮೀಡಿಯೆಟ್ ಮತ್ತು ಪದವಿಯ ತೆಲುಗು ಪಠ್ಯಪುಸ್ತಕಗಳಿಗೆ ಇದು ಹೆಸರುವಾಸಿ. ಶಾಲಾ ಪಠ್ಯ ಮತ್ತು ಶಿಕ್ಷಕರ ತರಬೇತಿ ನೋಡಿಕೊಳ್ಳುವ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಮಂಡಳಿ, ಅಂದರೆ ಎಸ್‌ಸಿಇಆರ್‌ಟಿ, ಪಕ್ಕದ ಬಷೀರ್‌ಬಾಗ್‌ನಲ್ಲಿದೆ. ಹೈದರಾಬಾದ್ ಕನ್ನಡಿಗರಿಗೆ ಪರಿಚಿತವಾದ ನೃಪತುಂಗ ಶಿಕ್ಷಣ ಸಂಸ್ಥೆ ಇರುವ ಕಾಚಿಗುಡವೂ ಇಲ್ಲಿಂದ ದೂರವಿಲ್ಲ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಸೆಪ್ಟೆಂಬರ್ 1ರಿಂದ ತೆಲಂಗಾಣ ಸರ್ಕಾರ 3ರಿಂದ 10ನೇ ತರಗತಿಯವರೆಗೆ ದೂರದರ್ಶನದ ಯಾದಗಿರಿ ವಾಹಿನಿ ಮತ್ತು ಸರ್ಕಾರದ್ದೇ ಉಪಗ್ರಹ ವಾಹಿನಿಯಾದ ಟಿ-ಸ್ಯಾಟ್ ಮೂಲಕ ಪಾಠ ಶುರು ಮಾಡಿತು. ಇಲ್ಲಿ ಒಂದು ಜಾಣತನವಿತ್ತು. ಪ್ರತಿ ಶಾಲೆಯ ಪ್ರತಿ ಶಿಕ್ಷಕರೂ ವಿಡಿಯೊ ಮಾಡಬೇಕು ಎನ್ನಲಿಲ್ಲ. ಪಾಠವನ್ನು ಒಂದೇ ಕಡೆ ಸಿದ್ಧಪಡಿಸಿದರು. ಮಕ್ಕಳು ಅದನ್ನು ನೋಡಿದರೋ ಇಲ್ಲವೋ ವಿಚಾರಿಸುವುದು, ಅಭ್ಯಾಸ ಹಾಳೆ ತಲುಪಿಸುವುದು, ಫೋನ್‌ನಲ್ಲಿ ಅನುಮಾನ ಬಗೆಹರಿಸುವುದು ಊರಿನ ಶಿಕ್ಷಕರ ಪಾಲಿಗೆ ಬಂತು.

ಕರ್ನಾಟಕದಲ್ಲಿ ಚಂದನ ವಾಹಿನಿಯ 'ಸಂವೇದ' ಪಾಠಗಳು ಇದೇ ಕೆಲಸ ಮಾಡಿದವು. ಅದರ ಜೊತೆಗೆ ಬಂದ 'ವಿದ್ಯಾಗಮ' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸ್ಮಾರ್ಟ್‌ಫೋನ್ ಇರುವವರು, ಬರೀ ಮೊಬೈಲ್ ಇರುವವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಗುಂಪು ಮಾಡಿಕೊಂಡು, ಶಿಕ್ಷಕರೇ ದೇವಸ್ಥಾನದ ಜಗುಲಿಗೆ, ಸಮುದಾಯ ಭವನಕ್ಕೆ, ಮರದ ನೆರಳಿಗೆ ಹೋದರು. ಮಕ್ಕಳ ಕಲಿಕೆಯ ದೃಷ್ಟಿಯಿಂದ ಒಳ್ಳೆಯ ಯೋಚನೆಯೇ. ಆದರೆ ಶಿಕ್ಷಕರ ಆರೋಗ್ಯಕ್ಕೆ ಯಾರು ಹೊಣೆ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಲಿಲ್ಲ. ಸೋಂಕಿನ ವರದಿಗಳು ಬರುತ್ತಿದ್ದಂತೆ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2021ರ ಜನವರಿ 1ರಂದು ಹೊಸ ನಿಯಮಗಳೊಂದಿಗೆ ಮತ್ತೆ ಆರಂಭವಾಯಿತು.

50 ವರ್ಷದ ಹಿಂದೆಯೇ ಒಂದು ಪ್ರಯೋಗ

ದೂರದಿಂದ ಕಲಿಸುವುದು ಕೋವಿಡ್ ಕಾಲದ ಆವಿಷ್ಕಾರ ಎಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೊ, ಅಮೆರಿಕದ ನಾಸಾದ ಎಟಿಎಸ್-6 ಉಪಗ್ರಹ ಬಳಸಿ 'ಸೈಟ್' ಎಂಬ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಭಾಗದ ಹಳ್ಳಿಗಳು ಇದರಲ್ಲಿದ್ದವು, ಆಗಿನ ಆಂಧ್ರಪ್ರದೇಶವೂ ಇತ್ತು. ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಕೆಳಗೆ ಒಂದು ಟಿವಿ. ಬೆಳಿಗ್ಗೆ ಮಕ್ಕಳಿಗೆ ಕನ್ನಡ, ತೆಲುಗು, ಹಿಂದಿ, ಒಡಿಯಾ ಭಾಷೆಗಳಲ್ಲಿ ತಲಾ 22 ನಿಮಿಷ ಚಿಲ್ಲರೆ ಪಾಠ. ಆಗ ರಾಯಚೂರಿನ ಎಷ್ಟೋ ಹಳ್ಳಿಗಳಿಗೆ ಸರಿಯಾದ ರಸ್ತೆಯೂ ಇರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಬೆರಗಾಗುತ್ತದೆ.

ನಮ್ಮ ವಿಷಯಕ್ಕೆ ಸಂಬಂಧಿಸಿದ್ದು ಇದರ ಇನ್ನೊಂದು ಭಾಗ. ಇದೇ ಉಪಗ್ರಹದ ಮೂಲಕ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ 12 ದಿನಗಳ ತರಬೇತಿಯನ್ನೂ ಕೊಟ್ಟರು. ಎರಡು ಸುತ್ತುಗಳಲ್ಲಿ ಒಟ್ಟು 48 ಸಾವಿರದಷ್ಟು ಶಿಕ್ಷಕರು ಭಾಗವಹಿಸಿದರು. ಅಲ್ಲಿ ಟಿವಿ ಮಾತ್ರ ಇರಲಿಲ್ಲ. ರೇಡಿಯೊ ಪಾಠ ಇತ್ತು, ಕೈಯಲ್ಲಿ ಹಿಡಿದು ಓದಲು ಮುದ್ರಿತ ಚಟುವಟಿಕೆ ಪುಸ್ತಿಕೆ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಕೇಂದ್ರದಲ್ಲೂ ಪ್ರಯೋಗಗಳನ್ನು ಮಾಡಿಸಲು, ಚರ್ಚೆ ನಡೆಸಲು ಒಬ್ಬರು ಎದುರಿಗೇ ಇರುತ್ತಿದ್ದರು.

ಈಗಿನ ತರಬೇತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2017ರಲ್ಲಿ ಶುರುವಾದ ದೀಕ್ಷಾ ವೇದಿಕೆಯಲ್ಲಿ 2020ರ ಅಕ್ಟೋಬರ್‌ನಲ್ಲಿ 'ನಿಷ್ಠಾ' ತರಬೇತಿ ಆನ್‌ಲೈನ್‌ನಲ್ಲಿ ಆರಂಭವಾಯಿತು, ಆಗ ಅದರಲ್ಲಿ 18 ಮಾಡ್ಯೂಲ್‌ಗಳಿದ್ದವು. ವಿಷಯಕ್ಕೆ ಕೊರತೆಯಿಲ್ಲ, ಎಷ್ಟು ಲಕ್ಷ ಜನರನ್ನಾದರೂ ತಲುಪಬಹುದು. ಆದರೆ ಶಿಕ್ಷಕಿ ಮನೆಗೆಲಸ ಮುಗಿಸಿ ರಾತ್ರಿ ಒಬ್ಬಳೇ ಕೂತು ವಿಡಿಯೊ ಓಡಿಸಿ, ಕೊನೆಯ ಬಹುಆಯ್ಕೆ ಪ್ರಶ್ನೆಗಳಿಗೆ ಟಿಕ್ ಹಾಕಿ ಪ್ರಮಾಣಪತ್ರ ಇಳಿಸಿಕೊಂಡರೆ ತರಬೇತಿ ಮುಗಿಯಿತು ಎಂದು ಲೆಕ್ಕ. ಮರುದಿನ ಭಿನ್ನರಾಶಿ ಪಾಠದಲ್ಲಿ ತೊಡಕು ಬಂದರೆ ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ತಂತ್ರಜ್ಞಾನ 50 ವರ್ಷ ಮುಂದೆ ಬಂದಿದೆ, ಪಕ್ಕದಲ್ಲಿದ್ದ ಆ ಮನುಷ್ಯ ಮಾತ್ರ ಕಾಣೆಯಾಗಿದ್ದಾನೆ.

ಶಿಕ್ಷಕರೇ ಹೇಳಿದ್ದೇನು?

2020ರಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ ಅಧ್ಯಯನ ನಡೆಸಿತ್ತು. ಆನ್‌ಲೈನ್ ತರಗತಿಯಲ್ಲಿ ಮಕ್ಕಳೊಂದಿಗೆ ಭಾವನಾತ್ಮಕ ನಂಟು ಉಳಿಸಿಕೊಳ್ಳಲು ಆಗುವುದಿಲ್ಲ ಎಂದವರು ಶೇ 80ಕ್ಕೂ ಹೆಚ್ಚು ಶಿಕ್ಷಕರು. ಮಕ್ಕಳು ಕಲಿತಿದ್ದಾರೋ ಇಲ್ಲವೋ ಎಂದು ಸರಿಯಾಗಿ ಅಳೆಯಲು ಆಗುವುದಿಲ್ಲ ಎಂದವರು ಶೇ 90ರಷ್ಟು. ಆನ್‌ಲೈನ್ ವೇದಿಕೆಗಳ ಬಗ್ಗೆ ತಮ್ಮ ತಿಳಿವಳಿಕೆ ಸಾಲದು ಎಂದವರು ಅರ್ಧಕ್ಕಿಂತ ಹೆಚ್ಚು. ಈ ಮೂರು ಅಂಕಿಗಳ ಕ್ರಮ ಗಮನಿಸಿ. ಆ್ಯಪ್ ಬಳಸಲು ಬರುವುದಿಲ್ಲ ಎಂಬ ದೂರಿಗಿಂತ, ಮಗುವಿನಿಂದ ಏನೂ ವಾಪಸ್ ಬರುತ್ತಿಲ್ಲ ಎಂಬ ದೂರು ದೊಡ್ಡದು. ನಮ್ಮ ತರಬೇತಿಗಳಲ್ಲಿ ಹೆಚ್ಚಿನವು ಮೊದಲನೆಯದಕ್ಕೇ ಉತ್ತರ ಕೊಡುತ್ತಿವೆ.

ಸಾಧನಗಳ ಕೊರತೆ ಇಲ್ಲವೆಂದಲ್ಲ. ಕೇಂದ್ರದ ಯು-ಡೈಸ್ ವರದಿಯ ಪ್ರಕಾರ 2019-20ರಲ್ಲಿ ಇಂಟರ್ನೆಟ್ ಇದ್ದ ಶಾಲೆಗಳು ಶೇ 22 ಮಾತ್ರ. 2023-24ರಲ್ಲಿ ಅದು ಶೇ 53.9ಕ್ಕೆ ಏರಿತು. ಗ್ರಾಮೀಣ ಭಾಗದ ಶಾಲಾ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇರುವ ಪ್ರಮಾಣ 2018ರಲ್ಲಿ ಶೇ 36.5 ಇದ್ದದ್ದು 2020ರಲ್ಲಿ ಶೇ 61.8 ಆಯಿತು ಎಂದು 'ಅಸರ್' ಸಮೀಕ್ಷೆ ಹೇಳಿತ್ತು. ಆದರೆ ಮನೆಯಲ್ಲಿ ಫೋನ್ ಇದ್ದರೆ ಮಗುವಿನ ಕೈಯಲ್ಲಿ ಇದೆ ಎಂದರ್ಥವಲ್ಲ. ಅಪ್ಪ ಕೆಲಸಕ್ಕೆ ಹೋಗುವಾಗ ಫೋನ್ ಕೂಡ ಅವರ ಜೊತೆಗೇ ಹೋಗುತ್ತದೆ.

ಹಾಗಾದರೆ ಏನು ಮಾಡಿದರೆ ಅನುಕೂಲ?

ಮೊದಲನೆಯದಾಗಿ, ಸಾಧ್ಯವಾದಷ್ಟೂ ಎರಡು ತರಗತಿಗಳನ್ನು ಒಟ್ಟಿಗೆ ನಡೆಸಬೇಡಿ. ಎದುರಿಗಿರುವ ಮಕ್ಕಳಿಗೆ ಪೂರ್ತಿ ಪಾಠ ಮಾಡಿ, ಮನೆಯಲ್ಲಿರುವವರಿಗೆ ಹತ್ತು ನಿಮಿಷದ ಧ್ವನಿಮುದ್ರಣ ಮತ್ತು ಅಭ್ಯಾಸ ಹಾಳೆ ಕಳಿಸಿ, ಮಧ್ಯಾಹ್ನ ಅರ್ಧ ಗಂಟೆ ಅವರ ಪ್ರಶ್ನೆಗಳಿಗೇ ಮೀಸಲಿಟ್ಟರೆ ಎರಡೂ ಕಡೆಯವರಿಗೆ ಲಾಭ. ಧ್ವನಿಮುದ್ರಣಕ್ಕೆ ಡೇಟಾ ಕಡಿಮೆ ಸಾಕು, ಅಪ್ಪ ಸಂಜೆ ಮನೆಗೆ ಬಂದ ಮೇಲೂ ಕೇಳಬಹುದು. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ 'ಪ್ರಜ್ಞಾತ' ಮಾರ್ಗಸೂಚಿ ಕೂಡ 1ರಿಂದ 8ನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಆನ್‌ಲೈನ್ ಪೀರಿಯಡ್ ಸಾಕು, 9ರಿಂದ 12ಕ್ಕೆ ನಾಲ್ಕು ಸಾಕು ಎಂದೇ ಹೇಳಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಟೈಮ್‌ಟೇಬಲ್ ಅನ್ನು ಇದ್ದ ಹಾಗೇ ಸ್ಕ್ರೀನ್‌ಗೆ ಎತ್ತಿ ಹಾಕಿ ಎಂದು ಯಾರೂ ಹೇಳಿರಲಿಲ್ಲ. ಹಾಗೆ ಮಾಡಿದ ಶಾಲೆಗಳು ಫೀಸಿಗೆ ಸಮರ್ಥನೆ ಹುಡುಕುತ್ತಿದ್ದವು ಎನಿಸುತ್ತದೆ.

ಒಟ್ಟಿಗೇ ನಡೆಸಲೇಬೇಕು ಎಂದಾದರೆ ಇನ್ನೊಬ್ಬರು ಬೇಕು. ಆ ಪೀರಿಯಡ್ ಬಿಡುವಿರುವ ಸಹೋದ್ಯೋಗಿಯೋ, ಬಿ.ಎಡ್ ತರಬೇತಿಗೆ ಬಂದಿರುವವರೋ ಚಾಟ್ ನೋಡಿಕೊಂಡು, ಆನ್‌ಲೈನ್ ಮಕ್ಕಳ ಪ್ರಶ್ನೆಯನ್ನು ಜೋರಾಗಿ ಓದಿ ಹೇಳಿದರೂ ಅರ್ಧ ಭಾರ ಇಳಿಯುತ್ತದೆ. ದೊಡ್ಡ ತರಗತಿಗಳಲ್ಲಿ ಒಬ್ಬ ವಿದ್ಯಾರ್ಥಿಯೇ ಸರದಿಯಂತೆ ಇದನ್ನು ಮಾಡಬಹುದು.

ಖರ್ಚಿನ ವಿಷಯಕ್ಕೆ ಬಂದರೆ, ಸ್ಮಾರ್ಟ್ ಬೋರ್ಡ್‌ಗಿಂತ ಮೊದಲು ಕೊಳ್ಳಬೇಕಾದ್ದು ಕೊರಳಪಟ್ಟಿಗೆ ಸಿಕ್ಕಿಸುವ ಒಂದು ಮೈಕ್. ಚಿತ್ರ ಮಸುಕಾದರೂ ಮಕ್ಕಳು ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಎರಡು ಪುಸ್ತಕದ ಕಟ್ಟುಗಳ ನಡುವೆ ಫೋನ್ ಅಡ್ಡಲಾಗಿ ಇಟ್ಟು ಕೆಳಗಿನ ಕಾಗದದ ಮೇಲೆ ಲೆಕ್ಕ ಬಿಡಿಸಿದರೆ ಬೋರ್ಡ್‌ಗಿಂತ ಚೆನ್ನಾಗಿ ಕಾಣುತ್ತದೆ.

ಇನ್ನು ಶಿಕ್ಷಕಿಯ ಸ್ವಂತ ಫೋನ್. ಅವರ ನಂಬರ್ ನೂರಾರು ಪೋಷಕರ ಕೈ ಸೇರುತ್ತದೆ, ರಾತ್ರಿ ಹನ್ನೊಂದಕ್ಕೂ 'ಹೋಂವರ್ಕ್ ಏನು ಮ್ಯಾಮ್' ಎಂಬ ಸಂದೇಶ ಬರುತ್ತದೆ. ಶಾಲೆಯ ಹೆಸರಿನಲ್ಲೇ ಒಂದು ಸಿಮ್, ಡೇಟಾ ಖರ್ಚು, ಸಂಜೆ ಇಷ್ಟು ಗಂಟೆಯ ನಂತರ ಸಂದೇಶವಿಲ್ಲ ಎಂಬ ನಿಯಮ ಇವು ದೊಡ್ಡ ಬೇಡಿಕೆಗಳೇನಲ್ಲ. ಮೀಟಿಂಗ್ ಲಿಂಕ್‌ಗೆ ಪಾಸ್‌ವರ್ಡ್, ಒಳಗೆ ಬಿಡುವ ಮುನ್ನ ಹೆಸರು ನೋಡುವ ವ್ಯವಸ್ಥೆಯೂ ಅಷ್ಟೇ ಮುಖ್ಯ. 2020ರ ಏಪ್ರಿಲ್‌ನಲ್ಲಿ ಝೂಮ್ ಬಳಕೆ ಬಗ್ಗೆ ಕೇಂದ್ರ ಗೃಹ ಸಚಿವಾಲಯ ಎಚ್ಚರಿಕೆ ಕೊಟ್ಟಿದ್ದು ನೆನಪಿರಬಹುದು.

ಸಂಬಳದ ಮಾತು ಬಿಟ್ಟರೆ ಹೇಗೆ?

ಮಹಾನಗರಗಳ ಅಪಾರ್ಟ್‌ಮೆಂಟ್ ಗಾತ್ರದ ಕಟ್ಟಡಗಳಲ್ಲಿ ನಡೆಯುವ ಸಣ್ಣ ಖಾಸಗಿ ಶಾಲೆಗಳಲ್ಲಿ ಫೀಸ್ ನಿಂತರೆ ಮೊದಲ ಪೆಟ್ಟು ಬೀಳುವುದು ಶಿಕ್ಷಕರ ಸಂಬಳಕ್ಕೆ. ಕೋವಿಡ್ ಕಾಲದಲ್ಲಿ ತೆಲಂಗಾಣದ ಖಾಸಗಿ ಶಿಕ್ಷಕರು ತರಕಾರಿ ಮಾರಿದ, ಕೂಲಿಗೆ ಹೋದ ಸುದ್ದಿಗಳು ಬಂದವು. 2021ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಮಾನ್ಯತೆ ಪಡೆದ ಖಾಸಗಿ ಶಾಲೆಗಳ ಶಿಕ್ಷಕರು ಮತ್ತು ಸಿಬ್ಬಂದಿಗೆ ತಿಂಗಳಿಗೆ 2,000 ರೂಪಾಯಿ ಮತ್ತು 25 ಕೆ.ಜಿ. ಅಕ್ಕಿ ಘೋಷಿಸಿತು. ಆ ದಿನಗಳಲ್ಲಿ ಶಿಕ್ಷಕರಿಗೆ ಸಿಕ್ಕ ನೆರವಿನಲ್ಲಿ ಯಾವ ಆ್ಯಪ್‌ಗಿಂತಲೂ ಉಪಯೋಗಕ್ಕೆ ಬಂದದ್ದು ಇದೇ ಇರಬೇಕು. ಹೈಬ್ರಿಡ್ ಪಾಠಕ್ಕೆ ತಯಾರಿ ಹೆಚ್ಚು ಬೇಕು, ಆ ತಯಾರಿಯ ಗಂಟೆಗಳಿಗೆ ಲೆಕ್ಕ ಇಡುವ ಶಾಲೆಗಳು ಮಾತ್ರ ವಿರಳ.

ಗಡಿಯ ಕನ್ನಡ ಶಾಲೆಗಳ ಕಥೆ

ಹೈದರಾಬಾದ್‌ನಿಂದ ನೈರುತ್ಯಕ್ಕೆ ಹೋದರೆ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಭಾಗದಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಕೋವಿಡ್ ಕಾಲದಲ್ಲಿ ಅಲ್ಲಿ ಚಂದನ ವಾಹಿನಿ ಹಾಕಿದರೆ ಕನ್ನಡದ ಪಾಠವೇನೋ ಬರುತ್ತಿತ್ತು, ಆದರೆ ಅದು ಕರ್ನಾಟಕದ ಪಠ್ಯ. ಮಕ್ಕಳ ಕೈಯಲ್ಲಿರುವುದು ತೆಲಂಗಾಣ ಪಠ್ಯಕ್ರಮದ ಕನ್ನಡ ಪುಸ್ತಕ. ಉಪಗ್ರಹಕ್ಕೆ ಗಡಿಯಿಲ್ಲ, ಸಿಲೆಬಸ್‌ಗೆ ಇದೆ. ಅಲ್ಲಿನ ಶಿಕ್ಷಕರು ಚಂದನದ ಯಾವ ಪಾಠ ತಮ್ಮ ಪುಸ್ತಕದ ಯಾವ ಅಧ್ಯಾಯಕ್ಕೆ ಹೊಂದುತ್ತದೆ ಎಂದು ತಾವೇ ಹುಡುಕಿಕೊಳ್ಳಬೇಕಿತ್ತು. ಎರಡೂ ರಾಜ್ಯಗಳ ಪಠ್ಯ ಮಂಡಳಿಗಳು ಕೂತು ಗಣಿತ ಮತ್ತು ವಿಜ್ಞಾನಕ್ಕೆ ಅಂಥದ್ದೊಂದು ಪಟ್ಟಿ ಮಾಡಿಕೊಟ್ಟರೆ ಕೆಲವು ಪುಟಗಳಲ್ಲಿ ಮುಗಿಯುವ ಕೆಲಸ.

ಪೋಷಕರಾಗಿ ನೀವೂ ಒಂದು ಕೆಲಸ ಮಾಡಬಹುದು. ಮುಂದಿನ ಪೋಷಕರ ಸಭೆಯಲ್ಲಿ ಶಾಲೆ ಯಾವ ಆ್ಯಪ್ ಬಳಸುತ್ತಿದೆ ಎಂದು ಕೇಳುವ ಬದಲು, ಆನ್‌ಲೈನ್ ದಿನದಂದು ಶಿಕ್ಷಕರ ಜೊತೆ ಇನ್ನೊಬ್ಬರು ಇರುತ್ತಾರಾ, ಮಗುವಿಗೆ ಅರ್ಥವಾಗದಿದ್ದರೆ ಯಾವ ಹೊತ್ತಿನಲ್ಲಿ ಕೇಳಬಹುದು, ಅಭ್ಯಾಸ ಹಾಳೆ ತಿದ್ದಿ ವಾಪಸ್ ಬರಲು ಎಷ್ಟು ದಿನ ಬೇಕು ಎಂದು ವಿಚಾರಿಸಿ.