ಕಾರಿಲ್ಲದೆ ಕೊಮೊ ಸರೋವರ ನೋಡಲಾಗದೇ? ತಂಗುವ ಊರು ಆರಿಸುವ ಮುನ್ನ ಇದನ್ನು ಓದಿ

ಕಳೆದ ತಿಂಗಳು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಚಿಕ್ಕಮ್ಮ ಒಂದು ಫಾರ್ವರ್ಡ್ ಹಾಕಿದರು. ಇಟಲಿಯ ಕೊಮೊ ಸರೋವರದ ನಾಲ್ಕು ಸುಂದರ ಫೋಟೊಗಳು, ಕೆಳಗೆ ಮೂರು ಸಲಹೆಗಳು: "ಕಾರು ಬಾಡಿಗೆಗೆ ಪಡೆಯದೆ ಇಲ್ಲಿಗೆ ಹೋಗಲೇಬೇಡಿ. ಸರೋವರದ ನಡುವೆ ಇರುವ ಬೆಲ್ಲಾಜಿಯೊದಲ್ಲೇ ಉಳಿಯಿರಿ, ಎಲ್ಲವೂ ಹತ್ತಿರ. ದುಡ್ಡು ಉಳಿಸಬೇಕಾದರೆ ಕೊಮೊ ನಗರದಲ್ಲಿ ಉಳಿಯಿರಿ, ಸರೋವರದ ಹೆಸರೇ ಅದು!"

ಚಿಕ್ಕಪ್ಪ ಈಗಷ್ಟೇ ನಿವೃತ್ತರಾಗಿದ್ದಾರೆ. ಅವರು ಎಡಗಡೆ ಸ್ಟೇರಿಂಗ್ ಇರುವ ಕಾರು ಓಡಿಸಿದವರಲ್ಲ. ಚಿಕ್ಕಮ್ಮನಿಗೆ ಮಂಡಿ ನೋವು. ಷೆಂಗೆನ್ ವೀಸಾ ಅರ್ಜಿಯ ಜೊತೆ ಎಲ್ಲಿ ಉಳಿಯುತ್ತೀರಿ ಎಂಬುದಕ್ಕೆ ದಾಖಲೆಯನ್ನೂ ಕೊಡಬೇಕಾದ್ದರಿಂದ ಊರನ್ನು ಮೊದಲೇ ತೀರ್ಮಾನಿಸಬೇಕಿತ್ತು. ಹಾಗಾಗಿ ಈ ಮೂರು ಸಲಹೆಗಳನ್ನು ಒಂದೊಂದಾಗಿ ಪರಿಶೀಲಿಸಿದೆ.

ಮೊದಲು ಸರೋವರದ ಆಕಾರ ನೋಡಿ

ಕೊಮೊ ಸರೋವರ ಮಿಲಾನ್ ನಗರದ ಉತ್ತರಕ್ಕೆ, ಆಲ್ಪ್ಸ್ ಪರ್ವತಗಳ ಬುಡದಲ್ಲಿದೆ. ಕವೆಗೋಲನ್ನು ತಲೆಕೆಳಗು ಹಿಡಿದರೆ ಹೇಗೆ ಕಾಣುತ್ತದೋ ಅದೇ ಆಕಾರ. ಉತ್ತರದಿಂದ ಒಂದು ಉದ್ದನೆಯ ತೋಳು ಇಳಿದು ಬಂದು, ನಡುವೆ ಎರಡಾಗಿ ಕವಲೊಡೆಯುತ್ತದೆ. ಎಡ ಕವಲಿನ ತುದಿಯಲ್ಲಿ ಕೊಮೊ ನಗರ, ಬಲ ಕವಲಿನ ತುದಿಯಲ್ಲಿ ಲೆಕ್ಕೊ ನಗರ. ಕವಲು ಕೂಡುವಲ್ಲಿ, ಚಾಚಿಕೊಂಡ ನೆಲದ ತುದಿಯಲ್ಲಿ ಬೆಲ್ಲಾಜಿಯೊ. ಅದಕ್ಕೆ ಎದುರಾಗಿ ಪೂರ್ವ ದಡದಲ್ಲಿ ವರೆನ್ನಾ, ಪಶ್ಚಿಮ ದಡದಲ್ಲಿ ಮೆನಾಜ್ಜೊ.

ಹಿಮಯುಗದಲ್ಲಿ ಹಿಮನದಿಗಳು ಕೊರೆದ ಕಣಿವೆ ಇದು. ಆಳ 400 ಮೀಟರ್‌ಗೂ ಹೆಚ್ಚು. ನೀರಿನ ಮೇಲ್ಮೈ ಸಮುದ್ರ ಮಟ್ಟದಿಂದ ಸುಮಾರು 200 ಮೀಟರ್ ಎತ್ತರದಲ್ಲಿದ್ದರೂ, ತಳ ಮಾತ್ರ ಸಮುದ್ರ ಮಟ್ಟಕ್ಕಿಂತ ಕೆಳಗಿದೆ! ಹೀಗೆ ಕೊರೆದ ಕಣಿವೆಯ ಅಂಚು ಗೋಡೆಯಂತೆ ಕಡಿದಾಗಿರುತ್ತದೆ. ರಸ್ತೆಗೆ ಸಿಗುವುದು ಬೆಟ್ಟ ಮತ್ತು ನೀರಿನ ನಡುವಿನ ಕಿರಿದಾದ ಜಾಗ ಮಾತ್ರ. ನಕ್ಷೆಯಲ್ಲಿ ಬೆರಳಿಟ್ಟು "ಹತ್ತಿರವೇ ಇದೆ" ಎಂದುಕೊಂಡರೆ ಮೋಸ ಹೋಗುವುದು ಇಲ್ಲೇ.

ಸಲಹೆ 1: ಕಾರಿಲ್ಲದೆ ಹೋಗಬೇಡಿ

ಇದು ತಪ್ಪು. ವರೆನ್ನಾದಿಂದ ಬೆಲ್ಲಾಜಿಯೊಗೆ ದೋಣಿಯಲ್ಲಿ ಸುಮಾರು 15 ನಿಮಿಷ. ಅದೇ ದಾರಿಯನ್ನು ರಸ್ತೆಯಲ್ಲೇ ಕ್ರಮಿಸಬೇಕೆಂದರೆ ದಕ್ಷಿಣದ ಲೆಕ್ಕೊವರೆಗೆ ಇಳಿದು, ಮತ್ತೆ ಇನ್ನೊಂದು ದಡದಲ್ಲಿ ಮೇಲೆ ಬರಬೇಕು. ಒಟ್ಟು ಸುಮಾರು 45 ಕಿಲೋಮೀಟರ್. ಕಾರು ಸಾಗಿಸುವ ದೋಣಿಗಳೂ ಇವೆ, ನಿಜ. ಆದರೆ ಬೇಸಿಗೆಯಲ್ಲಿ ಅವಕ್ಕೆ ಕಾರುಗಳ ಸಾಲು ನಿಂತಿರುತ್ತದೆ. ನಡೆದು ಬಂದವರು ಆ ಸಾಲಿನಲ್ಲಿ ಕಾಯಬೇಕಿಲ್ಲ.

ಕಾರಿಗೆ ಬೇರೆ ಖರ್ಚುಗಳೂ ಇವೆ. ನಮ್ಮ ಚಾಲನಾ ಪರವಾನಗಿಯ ಜೊತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಬೇಕು. ಇಟಲಿಯ ಅನೇಕ ಹಳೆಯ ಊರುಗಳ ನಡುಭಾಗಕ್ಕೆ ಅನುಮತಿ ಇಲ್ಲದ ವಾಹನಗಳು ಹೋಗುವಂತಿಲ್ಲ. ಗೊತ್ತಿಲ್ಲದೆ ನುಗ್ಗಿದರೆ ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ. ಊರಿಗೆ ಮರಳಿ ತಿಂಗಳುಗಳಾದ ಮೇಲೂ ದಂಡದ ಪತ್ರ ಬರಬಹುದು. ಮಾಹಿತಿ ಒದಗಿಸಿದ್ದಕ್ಕೆ ಬಾಡಿಗೆ ಕಂಪನಿಯ ಶುಲ್ಕ ಬೇರೆ.

ಸಲಹೆ 2: ಬೆಲ್ಲಾಜಿಯೊದಲ್ಲೇ ಉಳಿಯಿರಿ

ಅರ್ಧ ನಿಜ. ಬೆಲ್ಲಾಜಿಯೊ ಸರೋವರದ ನಡುವೆ ಇರುವುದು ಹೌದು, ಸುಂದರ ಊರೂ ಹೌದು. ಆದರೆ ಅಲ್ಲಿ ರೈಲು ನಿಲ್ದಾಣವಿಲ್ಲ. ಮಿಲಾನ್‌ನಿಂದ ಬರುವವರು ರೈಲಿನಲ್ಲಿ ವರೆನ್ನಾಕ್ಕೆ ಬಂದು, ಪೆಟ್ಟಿಗೆಗಳೊಂದಿಗೆ ಜೆಟ್ಟಿಗೆ ನಡೆದು, ದೋಣಿ ಹತ್ತಬೇಕು. ಇಲ್ಲವೇ ಕೊಮೊ ನಗರದಲ್ಲಿ ಇಳಿದು, ತಿರುವುಗಳ ದಾರಿಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಸಿ30 ಬಸ್ಸಿನಲ್ಲಿ ಬರಬೇಕು. ಊರಿನ ಹಳೆಯ ಓಣಿಗಳೆಲ್ಲ ಕಲ್ಲಿನ ಮೆಟ್ಟಿಲುಗಳು. ಚಕ್ರದ ಸೂಟ್‌ಕೇಸ್ ಇದ್ದವರಿಗೂ ಮಂಡಿ ನೋವಿದ್ದವರಿಗೂ ಅದು ಸುಲಭವಲ್ಲ. ಹಗಲು ನೋಡಿಕೊಂಡು ಬರಲು ಒಳ್ಳೆಯ ಊರು, ಬೀಡು ಬಿಡಲು ಎಲ್ಲರಿಗೂ ಒಗ್ಗುವುದಿಲ್ಲ.

ಸಲಹೆ 3: ಕೊಮೊ ನಗರದಲ್ಲಿ ಉಳಿಯಿರಿ

ನಿಮ್ಮ ಉದ್ದೇಶ ಏನು ಎನ್ನುವುದರ ಮೇಲೆ ನಿಂತಿದೆ. ಮಿಲಾನ್‌ನ ಮುಖ್ಯ ನಿಲ್ದಾಣದಿಂದ ಇಲ್ಲಿಗೆ ರೈಲಿನಲ್ಲಿ ಸುಮಾರು 40 ನಿಮಿಷ. ಬ್ಯಾಟರಿ ಕಂಡುಹಿಡಿದ ಅಲೆಸ್ಸಾಂಡ್ರೊ ವೋಲ್ಟಾ ಹುಟ್ಟಿದ ಊರು ಇದು, ಅವರ ಹೆಸರಿನ ವಸ್ತುಸಂಗ್ರಹಾಲಯವೂ ಇದೆ. 1894ರಿಂದ ಓಡುತ್ತಿರುವ ಹಗ್ಗದ ರೈಲು ಬೆಟ್ಟದ ಮೇಲಿನ ಬ್ರುನಾತೆಗೆ ಕೆಲವೇ ನಿಮಿಷಗಳಲ್ಲಿ ಏರಿಸುತ್ತದೆ. ಒಂದು ಹಗಲು, ಒಂದು ರಾತ್ರಿಗೆ ಸಾಕಷ್ಟಾಯಿತು.

ಆದರೆ ಇದು ಕವಲಿನ ಕಟ್ಟಕಡೆಯ ತುದಿ. ಇಲ್ಲಿಂದ ಬೆಲ್ಲಾಜಿಯೊಗೆ ನಿಧಾನದ ದೋಣಿಯಲ್ಲಿ ಎರಡು ಗಂಟೆ, ವೇಗದ ದೋಣಿಯಲ್ಲಿ ಮುಕ್ಕಾಲು ಗಂಟೆಯ ಮೇಲೆ. ಪ್ರತಿದಿನ ನಡು ಸರೋವರಕ್ಕೆ ಹೋಗಿ ಬರುವ ಯೋಜನೆ ಇದ್ದರೆ ನಿಮ್ಮ ರಜೆಯ ದೊಡ್ಡ ಪಾಲು ಓಡಾಟದಲ್ಲೇ ಕಳೆಯುತ್ತದೆ.

ಹಾಗಾದರೆ ಎಲ್ಲಿ ಉಳಿಯಬೇಕು?

ಕಾರಿಲ್ಲದವರು ಊರಿನ ಅಂದ ನೋಡುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ಪೆಟ್ಟಿಗೆ ಹಿಡಿದು ಎಷ್ಟು ಸಲ ವಾಹನ ಬದಲಿಸಬೇಕು? ಒಂದು ದೋಣಿ ಅಥವಾ ರೈಲು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ? ಸಂಜೆ ಮರಳಲು ಕೊನೆಯದು ಎಷ್ಟು ಗಂಟೆಗೆ? ನಿಲ್ದಾಣದಿಂದ ರೂಮಿಗೆ ಎಷ್ಟು ಮೆಟ್ಟಿಲು?

ಮೊದಲ ಮೂರು ಪ್ರಶ್ನೆಗಳಲ್ಲಿ ವರೆನ್ನಾ ಗೆಲ್ಲುತ್ತದೆ. ಮಿಲಾನ್‌ನಿಂದ ನೇರ ರೈಲು, ಒಂದು ಗಂಟೆಗಿಂತ ತುಸು ಹೆಚ್ಚು. ನಿಲ್ದಾಣದಿಂದ ಜೆಟ್ಟಿಗೆ ಸುಮಾರು ಹತ್ತು ನಿಮಿಷದ ನಡಿಗೆ. ಬೆಲ್ಲಾಜಿಯೊ, ಮೆನಾಜ್ಜೊ ಎರಡಕ್ಕೂ ದೋಣಿಯಲ್ಲಿ ಕಾಲು ಗಂಟೆ. ತ್ರೆಮೆಜ್ಜೊದ ವಿಲ್ಲಾ ಕಾರ್ಲೊತ್ತಾ ತೋಟಕ್ಕೂ ನೀರಿನ ಮೇಲೇ ಹೋಗಬಹುದು. ಅದೇ ರೈಲು ಮಾರ್ಗ ಉತ್ತರಕ್ಕೆ ತಿರಾನೊವರೆಗೆ ಹೋಗುತ್ತದೆ. ಅಲ್ಲಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಬೆರ್ನಿನಾ ಮಾರ್ಗದ ಕೆಂಪು ರೈಲು ಆಲ್ಪ್ಸ್ ದಾಟಿ ಸ್ವಿಟ್ಜರ್‌ಲ್ಯಾಂಡಿಗೆ ಹೊರಡುತ್ತದೆ. ಅಂದ ಹಾಗೆ, ಭೌತವಿಜ್ಞಾನಿ ಎನ್ರಿಕೊ ಫರ್ಮಿ 1954ರ ಬೇಸಿಗೆಯಲ್ಲಿ ಪಾಠ ಮಾಡಿದ್ದು ಇದೇ ವರೆನ್ನಾದಲ್ಲಿ.

ನಾಲ್ಕನೆಯ ಪ್ರಶ್ನೆಯಲ್ಲಿ ಮಾತ್ರ ವರೆನ್ನಾಕ್ಕೂ ಪೂರ್ತಿ ಅಂಕವಿಲ್ಲ. ಊರು ಇಳಿಜಾರಿನಲ್ಲಿದೆ. ನಾವು ಮೊದಲು ನೋಡಿದ ಅಗ್ಗದ ರೂಮಿಗೆ ಹೋಗಬೇಕಾದರೆ ಓಣಿಯ ಮೆಟ್ಟಿಲುಗಳನ್ನೇ ಹತ್ತಬೇಕಿತ್ತು, ಲಿಫ್ಟ್ ಇರಲಿಲ್ಲ. ಬುಕ್ ಮಾಡುವ ಪುಟದಲ್ಲಿ ಅದರ ಸುಳಿವೂ ಇರಲಿಲ್ಲ. ಹೋಟೆಲಿಗೆ ನೇರವಾಗಿ ಬರೆದು ಕೇಳಿದಾಗಷ್ಟೇ ತಿಳಿಯಿತು.

ಮೆಟ್ಟಿಲೇ ದೊಡ್ಡ ಚಿಂತೆಯಾದರೆ ಮೆನಾಜ್ಜೊ ನೋಡಿ. ದಡದ ಉದ್ದಕ್ಕೂ ಸಮತಟ್ಟಾದ ನಡಿಗೆ ದಾರಿ ಇದೆ, ದೋಣಿಗಳೂ ಚೆನ್ನಾಗಿವೆ. ರೈಲು ಮಾತ್ರ ಇಲ್ಲ. ದುಡ್ಡೇ ಚಿಂತೆಯಾದರೆ ಲೆಕ್ಕೊ ನೋಡಿ. ಸ್ಥಳೀಯರು ಬದುಕುವ ಸಾಧಾರಣ ನಗರ, ದಿನಸಿ ಅಂಗಡಿಗಳಿಗೆ ಕೊರತೆಯಿಲ್ಲ. ವರೆನ್ನಾಕ್ಕೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ.

ಹೊರಡುವ ಮುನ್ನ

ದೋಣಿಗಳ ವೇಳಾಪಟ್ಟಿ ಋತುವಿನಿಂದ ಋತುವಿಗೆ ಬದಲಾಗುತ್ತದೆ, ಚಳಿಗಾಲದಲ್ಲಿ ದೋಣಿಗಳು ಕಡಿಮೆ. ಹಳೆಯ ಫಾರ್ವರ್ಡ್‌ನಲ್ಲಿರುವ ಸಮಯ ನಂಬಬೇಡಿ. ನೀವು ಹೋಗುವ ದಿನದ ಪಟ್ಟಿಯನ್ನು ದೋಣಿ ಸಂಸ್ಥೆಯ ಜಾಲತಾಣದಲ್ಲೇ ನೋಡಿ, ಕೊನೆಯ ದೋಣಿಯ ಸಮಯವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಿ, ಮರೆತರೆ ದಂಡ ಬೀಳಬಹುದು. ನಿಲ್ದಾಣದಲ್ಲಿ "ಶೋಪೆರೊ" ಎಂಬ ಪದ ಕಂಡರೆ ಅದು ಮುಷ್ಕರದ ಸೂಚನೆ. ಸಾಮಾನ್ಯವಾಗಿ ದಿನಾಂಕವನ್ನು ಮೊದಲೇ ತಿಳಿಸಿರುತ್ತಾರೆ.

ಚಿಕ್ಕಮ್ಮ ಕೊನೆಗೆ ವರೆನ್ನಾದಲ್ಲಿ, ಲಿಫ್ಟ್ ಇರುವ ಹೋಟೆಲಿನಲ್ಲಿ ನಾಲ್ಕು ರಾತ್ರಿಗೆ ರೂಮು ಕಾಯ್ದಿರಿಸಿದ್ದಾರೆ. ಬೆಲೆ ತುಸು ಹೆಚ್ಚೇ ಆಯಿತು. ಕಾರಿನ ಬಾಡಿಗೆ ಉಳಿಯಿತಲ್ಲ ಎಂದು ಚಿಕ್ಕಪ್ಪ ಲೆಕ್ಕ ಹಾಕಿ ಒಪ್ಪಿದರು.

ಸಾರಾಂಶ: ಕೊಮೊ ಸರೋವರಕ್ಕೆ ಕಾರು ಬೇಕೇ ಬೇಕು ಎಂಬುದು ಸುಳ್ಳು. ಬೆಲ್ಲಾಜಿಯೊ ಎಲ್ಲಕ್ಕೂ ಹತ್ತಿರ ಎಂಬುದು ಅರ್ಧ ಸತ್ಯ. ಕೊಮೊ ನಗರ ಮಿಲಾನ್‌ಗೆ ಹತ್ತಿರ, ನಡು ಸರೋವರಕ್ಕೆ ದೂರ. ಯಾವ ಸರೋವರಕ್ಕೇ ಹೋಗಿ, ಕಿಲೋಮೀಟರ್ ಎಣಿಸಬೇಡಿ. ವಾಹನ ಬದಲಿಸುವ ಸಲ, ಕೊನೆಯ ದೋಣಿಯ ಸಮಯ ಮತ್ತು ಮೆಟ್ಟಿಲು ಎಣಿಸಿ. ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ.